ರುದ್ರವ್ವನ ಸಲ

ಈ ಕಥೆಯನ್ನು ನನಗೆ ಮೊದಲು ಹೇಳಿದವನು ಪೇಟೆಯಲ್ಲಿ ಬೆಲ್ಲ ಹೊರುವ ಹಮಾಲ. ಎರಡನೆಯ ಸಲ ಕೇಳಿದ್ದು ಶಾಲೆಯೊಂದರ ಅಡುಗೆಮನೆಯಲ್ಲಿ. ಮೂರನೆಯ ಸಲ, ಎಲ್ಲರಿಗಿಂತ ಕಡಿಮೆ ಮಾತಿನಲ್ಲಿ, ಕಥೆಯೊಳಗಿನ ಸುಗಲಾಳ ಬಾಯಿಂದಲೇ ಕೇಳಿದೆ. ಹಮಾಲನ ಕಥೆಯಲ್ಲಿ ಜನಜಂಗುಳಿ ಹೆಚ್ಚು, ಅಡುಗೆಮನೆಯ ಕಥೆಯಲ್ಲಿ ಕಣ್ಣೀರು ಹೆಚ್ಚು. ಮೂರೂ ಒಪ್ಪುವಷ್ಟನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಒಪ್ಪದ ಕಡೆ ಸುಗಲಾಳನ್ನು ನಂಬಿದ್ದೇನೆ, ಏಕೆಂದರೆ ‘ಇದು ನನಗೆ ಖಚಿತವಿಲ್ಲ’ ಎಂದು ನಡುನಡುವೆ ನಿಲ್ಲಿಸಿ ಹೇಳಿದವಳು ಅವಳೊಬ್ಬಳೇ.

ಆ ಊರಿನ ಪಡುವಣಕ್ಕೆ ಒಂದು ಗುಡ್ಡವಿದೆ, ಅದು ಉಸಿರಾಡುತ್ತದೆ. ಅದು ಎಳೆದುಕೊಂಡಾಗ ಊರಿನವರೆಲ್ಲ ಉಸಿರು ಎಳೆದುಕೊಳ್ಳುತ್ತಾರೆ, ಬಿಟ್ಟಾಗ ಬಿಡುತ್ತಾರೆ. ಉಸಿರೆಳೆಯುವ ಹೊತ್ತಿನಲ್ಲಿ ಯಾರಿಗೂ ಮಾತಾಡಲು ಬಾರದಾದ್ದರಿಂದ ಊರಿನ ಗದ್ದಲವೆಲ್ಲ ಒಟ್ಟಿಗೆ ಏಳುತ್ತದೆ, ಒಟ್ಟಿಗೆ ನಿಲ್ಲುತ್ತದೆ. ಆ ನಿಂತ ಗಳಿಗೆಗೆ ಅಲ್ಲಿಯವರು ‘ಎಳೆತ’ ಎನ್ನುತ್ತಾರೆ. ಕ್ಷೌರದವರು ಗಂಟಲಿನ ಮೇಲೆ ಕತ್ತಿ ಆಡಿಸುವುದು ಎಳೆತದಲ್ಲಿ, ಗಿರಾಕಿ ಬಾಯಿ ತೆರೆಯಲಾರನೆಂದು. ಮುದುಕಿಯರು ಸೂಜಿಗೆ ದಾರ ಪೋಣಿಸುವುದೂ ಆಗಲೇ. ಜಗಳವಾಡುವವರು ಎಳೆತದಲ್ಲಿ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಮುಂದಿನ ಬೈಗುಳ ಹುಡುಕಿಕೊಳ್ಳುತ್ತಾರೆ. ಅಷ್ಟರಲ್ಲಿ ಜಗಳವೇ ಮರೆತುಹೋಗುವುದೂ ಉಂಟು. ಗುಡ್ಡ ಒಮ್ಮೊಮ್ಮೆ ನಿಟ್ಟುಸಿರು ಬಿಡುತ್ತದೆ. ಆಗ ಊರಿಗೆ ಊರೇ ನಿಟ್ಟುಸಿರು ಬಿಟ್ಟು, ಏನಾಯಿತೆಂದು ಯಾರೂ ಯಾರನ್ನೂ ಕೇಳದೆ, ತಂತಮ್ಮ ಕೆಲಸಕ್ಕೆ ಮರಳುತ್ತದೆ. ಹೊರಗಿನಿಂದ ಬಂದವರಿಗೆ ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಇದು ರೂಢಿಯಾಗುತ್ತದೆ, ನನಗೂ ಆಯಿತು.

ಇಂಥ ಊರಿನಲ್ಲಿ ಬೆಲ್ಲದ ಸವಾಲು, ಅಂದರೆ ಹರಾಜು, ಕೂಗುವುದು ಸುಲಭದ ಕೆಲಸವಲ್ಲ. ‘ಒಂದ್ಸಲ, ಎರಡ್ಸಲ, ಮೂರ್ಸಲ’ ಎಂಬ ಕೂಗು ಕೂಗುವವರ ಉಸಿರು ಮುಗಿಯುವುದರೊಳಗೆ ಮುಗಿಯಬೇಕೆಂಬುದು ಪೇಟೆಯ ಕಟ್ಟಳೆ. ಉಸಿರು ಮುರಿದರೆ ಕೂಗು ಮುರಿಯಿತು, ಕೂಗಿದ ದರವೂ ಬಿದ್ದುಹೋಯಿತು, ಮತ್ತೆ ಮೊದಲಿನಿಂದ. ಕೊಟ್ರೇಶಪ್ಪನಂಥ ವ್ಯಾಪಾರಿಗಳು ಕೂಗುವವರ ಎದೆಯನ್ನೇ ನೋಡುತ್ತ, ಉಸಿರು ಕುಂದುವುದನ್ನೇ ಕಾಯುತ್ತ ಕುಳಿತಿರುತ್ತಿದ್ದರು. ಪೇಟೆಯಲ್ಲಿ ಸವಾಲು ಕೂಗುತ್ತಿದ್ದ ರುದ್ರವ್ವನ ಎದುರು ಮಾತ್ರ ಆ ಆಟ ನಡೆಯುತ್ತಿರಲಿಲ್ಲ. ಅವಳು ಬೆಲ್ಲದ ಪೆಂಟಿಯನ್ನು, ಆ ದಪ್ಪ ಅಚ್ಚನ್ನು, ಬೆರಳ ಗೆಣ್ಣಿನಿಂದ ಟಕ್ ಎಂದು ಬಡಿದು, ಸದ್ದು ಕೇಳಿ, ಅದರ ಬಣ್ಣ, ಗಾಣ, ದರ, ಮೂರು ಸಲ ಎಲ್ಲವನ್ನೂ ಒಂದುಸಿರಿನಲ್ಲಿ ಕಟ್ಟಿ, ಮಿಕ್ಕ ಉಸಿರನ್ನು ವ್ಯಾಪಾರಿಗಳನ್ನು ಚುಚ್ಚಲು ಇಟ್ಟುಕೊಳ್ಳುತ್ತಿದ್ದಳು. “ಕೊಟ್ರೇಶಪ್ಪಾ, ಮೂಗಿಗೆ ಹಿಡದದ್ದು ಸಾಕು, ಬೆಲ್ಲೈತಿ ಅದು, ಅತ್ತರಲ್ಲ!” ಒಂದು ಚಳಿಗಾಲದ ಬೆಳಿಗ್ಗೆ ಕೂಗಿನ ನಡುವೆಯೇ ಅವಳ ಬಾಯಿ ಸೊಟ್ಟಗಾಯಿತು, ಬಲಗೈ ಕೆಳಗೆ ಬಿತ್ತು. ಜೀವ ಉಳಿಯಿತು. ಮಾತು ಹೋಯಿತು.

ಅವಳ ಆರೈಕೆಗೆ ಇದ್ದವಳು ತಂಗಿ ಶಾವಂತ್ರವ್ವ, ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವವಳು. ಅಕ್ಕನ ಬಾಯಿಯನ್ನು ಜೀವಮಾನವಿಡೀ ಬೈದುಕೊಂಡು ಬಂದಿದ್ದವಳಿಗೆ ಆ ಬಾಯಿ ನಿಂತ ಮೇಲೆ ಮನೆಯಲ್ಲಿ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ಮಾತು ಮರಳಿ ಕಲಿಸುವ ಪ್ರಲ್ಹಾದ ಮಾಸ್ತರರಿದ್ದರು. ಅವರ ಕೋಣೆಯಲ್ಲಿ ಜಾಗ ಕಡಿಮೆ, ಹೊರಗೆ ಕಾಯುವವರು ಬಹಳ. ಆದ್ದರಿಂದ ಆಸ್ಪತ್ರೆಯ ಮಂಡಳಿ ಒಂದು ನಿಯಮ ಮಾಡಿತ್ತು: ತಲೆಯ ನಕ್ಷೆಯಲ್ಲಿ ಮಾತು ಕೇಳುವ ಜಾಗಕ್ಕೂ ನುಡಿಯುವ ಜಾಗಕ್ಕೂ ನಡುವೆ ಏನಾದರೂ ಒಡನಾಟ ಉಳಿದಿದ್ದರೆ ಪಾಠ ಮುಂದುವರಿಯುತ್ತದೆ, ಇಲ್ಲವಾದರೆ ಹೊಳೆಯಾಚೆಯ ಆರೈಕೆಮನೆ. ಅಲ್ಲಿಗೆ ದೋಣಿಯಲ್ಲಿ ಹೋಗಬೇಕು, ನೋಡಲು ಬಿಡುವುದು ಸಂತೆಯ ದಿನ ಮಾತ್ರ. ಆ ನಕ್ಷೆ ಬರೆಯುವ ಕೆಲಸವನ್ನು ಆಗಷ್ಟೇ ಕಲಿಯುತ್ತಿದ್ದವಳು ಸುಗಲಾ.

ಅವಳಿಗೆ ಲೆಕ್ಕ ಗೊತ್ತಿತ್ತು, ಮಿದುಳು ಗೊತ್ತಿರಲಿಲ್ಲ. ಮನುಷ್ಯ ಏನೂ ಮಾಡದೆ ಸುಮ್ಮನೆ ಮಲಗಿದ್ದರೂ ಮಿದುಳಿನ ಒಂದೊಂದು ಜಾಗದಲ್ಲಿ ರಕ್ತದ ಓಡಾಟ ನಿಧಾನವಾಗಿ ಏರುತ್ತ ಇಳಿಯುತ್ತ ಇರುತ್ತದೆ; ಸ್ಕ್ಯಾನ್ ಯಂತ್ರ ಅದನ್ನು ಹಿಡಿಯುತ್ತದೆ. ಮಿದುಳನ್ನು ಓಣಿ ಓಣಿಯಾಗಿ ಪಾಲು ಮಾಡಿ, ಒಂದೊಂದು ಓಣಿಯ ಏರಿಳಿತವನ್ನೂ ಕಂಪ್ಯೂಟರಿನಲ್ಲಿ ಒಂದು ಗೆರೆಯಾಗಿ ಎಳೆದರೆ, ಯಾವ ಎರಡು ಗೆರೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆಯೋ ಆ ಎರಡು ಓಣಿಗಳ ನಡುವೆ ಒಡನಾಟವಿದೆ ಎಂದು ಎಣಿಸುತ್ತಾರೆ. ಇದನ್ನು ಕಲಿಸುತ್ತಿದ್ದವರು ಡಾಕ್ಟರ್ ಜುಲೇಖಾ ಇನಾಮದಾರ. ಸದಾ ಬಡೇಸೋಪು ಅಗಿಯುತ್ತಿದ್ದ ಅವರನ್ನು ಸುಗಲಾ ‘ಅಕ್ಕಾರ’ ಎಂದು ಕರೆಯುತ್ತಿದ್ದಳು, ಶಾಲೆಯಲ್ಲಿ ಕಲಿಸುವ ಬಾಯಾರನ್ನು ಕರೆಯುವ ಹಾಗೆ.

“ಒಡನಾಟ ಅಂದ್ರ ಒಡನಾಟ ಅಷ್ಟ,” ಎಂದು ಅಕ್ಕಾರು ಮೊದಲ ದಿನವೇ ಎಚ್ಚರಿಸಿದ್ದರು. “ಯಾರು ಯಾರನ್ನ ಕರದ್ರು ಅಂತ ಅದು ಹೇಳೂದಿಲ್ಲ.” ಎಳೆತ ಕಳೆದ ಮೇಲೆ ಮುಂದುವರಿಸಿದರು. “ದಿನಾ ಒಂದ ಹೊತ್ತಿಗೆ ಬಾಗಲಾ ತಗಿಯೋ ಎರಡ ಮನಿಯವರು ಬೀಗರ ಇರಬೇಕಂತಿಲ್ಲ. ಇಬ್ಬರ ಮನಿಗೂ ಅದ ಹಾಲಿನಾಕಿ ಬರತಿರಬಹುದು.”

ಮತ್ತೊಂದು ದಿನ ಅವರು ಸುಗಲಾಳಿಗೆ ಹೇಳದೆ ಯಂತ್ರದೊಳಗೆ ಒಂದು ಬೆಲ್ಲದ ಪೆಂಟಿಯನ್ನು ಮಲಗಿಸಿ, ಬಂದ ಗೆರೆಗಳನ್ನು ಅವಳ ಮುಂದಿಟ್ಟರು. ಅವಳು ಇಡೀ ಮಧ್ಯಾಹ್ನ ಕುಳಿತು, ಎರಡು ಜಾಗಗಳ ನಡುವೆ ಗಟ್ಟಿಯಾದ ಒಡನಾಟ ಕಂಡುಹಿಡಿದು, ಹಿಗ್ಗಿನಿಂದ ತೋರಿಸಿದಳು.

“ಭೇಷ್. ಬೆಲ್ಲ ಏನ ವಿಚಾರ ಮಾಡಾಕತ್ತಿತ್ತು ಅನ್ನೂದನ್ನೂ ಕೇಳ್ಬೇಕಿತ್ತಲ್ಲವಾ?”

ಸುಗಲಾಳ ಮುಖ ಕೆಂಪಾಯಿತು. ಅಷ್ಟೊಂದು ಗೆರೆಗಳನ್ನು ಒಂದಕ್ಕೊಂದು ಹೋಲಿಸಿದರೆ ಯಾವುವೋ ಎರಡು ಸುಮ್ಮಸುಮ್ಮನೆ ಹೋಲಿಯೇ ಹೋಲುತ್ತವೆ; ಕಂಡದ್ದನ್ನೆಲ್ಲ ನಂಬಬಾರದು ಎಂಬ ಪಾಠ ಅಂದು ಅವಳ ಮೈಗೆ ಹತ್ತಿತು. ಪೆಂಟಿ ಆಮೇಲೆ ಚಹಾಕ್ಕೆ ಬಿತ್ತು.

ಎಲ್ಲಕ್ಕಿಂತ ದೊಡ್ಡ ಪಾಠ ಗುಡ್ಡದ್ದು. ಉಸಿರು ಆಳವಾದಾಗ, ನಿಟ್ಟುಸಿರು ಬಂದಾಗ, ಮಿದುಳಿನ ರಕ್ತದ ಓಟ ಎಲ್ಲ ಕಡೆಯೂ ಒಟ್ಟಿಗೆ ಬದಲಾಗುತ್ತದೆ. ಹಾಗಾಗಿ ತೊಳೆಯದ ನಕ್ಷೆಯಲ್ಲಿ ಎಲ್ಲ ಓಣಿಗೂ ಎಲ್ಲ ಓಣಿಯೊಡನೆ ಒಡನಾಟವಿದ್ದಂತೆ ಕಾಣುತ್ತದೆ, ಚಳಿಗಾಲದ ಮಂಜು ಇಡೀ ಊರನ್ನು ಒಂದೇ ಬಣ್ಣ ಮಾಡಿದ ಹಾಗೆ. ಆ ಮಂಜನ್ನು ತೊಳೆಯಲು ಆಸ್ಪತ್ರೆಯವರು ಗುಡ್ಡದ ಬುಡದ ಬಿರುಕಿನೆದುರು ಒಂದು ರೇಷ್ಮೆಯ ಪಟ್ಟಿ ತೂಗುಹಾಕಿ, ಅದರ ಅಲುಗಾಟವನ್ನು ತಂತಿಯ ಮೂಲಕ ತರಿಸಿಕೊಳ್ಳುತ್ತಿದ್ದರು. ಅದರ ಹೆಸರು ಗುಡ್ಡದ ಗೆರೆ. ಯಾರ ತಲೆಯ ನಕ್ಷೆಯಾದರೂ ಅದರಿಂದ ಗುಡ್ಡದ ಗೆರೆಯನ್ನು ಕಳೆದರೆ ಮಂಜು ಹರಿದು, ನಿಜವಾಗಿ ಕೂಡಿ ಬಾಳುವ ಓಣಿಗಳು ಮಾತ್ರ ಉಳಿಯುತ್ತಿದ್ದವು. ಬೇರೆ ಊರುಗಳಲ್ಲಿ ಮಲಗಿದವರ ಹೊಟ್ಟೆಗೆ ಪಟ್ಟಿ ಕಟ್ಟಿ ಒಬ್ಬೊಬ್ಬರ ಉಸಿರನ್ನೂ ಬೇರೆ ಬೇರೆ ಅಳೆಯುತ್ತಾರಂತೆ. ಇಲ್ಲಿ ಅದನ್ನು ಕೇಳಿದವರು ನಕ್ಕಿದ್ದರು. ಯಂತ್ರದೊಡನೆ ಬಂದಿದ್ದ ಹೊಟ್ಟೆಪಟ್ಟಿ ಉಗ್ರಾಣದಲ್ಲಿ ಹಳೆಯ ಎಕ್ಸ್‌ರೇಗಳ ಕಟ್ಟನ್ನು ಬಿಗಿಯಲು ಒದಗಿಬಂದಿತ್ತು.

ರುದ್ರವ್ವನನ್ನು ಯಂತ್ರದೊಳಗೆ ಮಲಗಿಸಿದ ದಿನ ಅವಳ ಮೂಗುತಿ ತೆಗೆಯಲು ಸಾಬೂನು ಹಚ್ಚಬೇಕಾಯಿತು. ಸುಗಲಾ ಚಿಕ್ಕಂದಿನಲ್ಲಿ ಬೆಲ್ಲದ ಚೀಲಗಳ ಮೇಲೆ ಕುಳಿತು ಈ ಹೆಂಗಸಿನ ಕೂಗು ಕೇಳುತ್ತ ಬೆಳೆದವಳು. ಕಂಪ್ಯೂಟರಿನ ಮುಂದೆ ಕುಳಿತಾಗ ಅವಳ ಕೈ ತಡೆಯಲಿಲ್ಲ. ತೊಳೆಯುವ ಮೊದಲೇ, ಸುಮ್ಮನೆ ಒಂದು ಸಲ ನೋಡೋಣವೆಂದು, ನಕ್ಷೆ ತೆರೆದಳು. ಕೇಳುವ ಓಣಿಗೂ ನುಡಿಯುವ ಓಣಿಗೂ ನಡುವೆ ಕೆಂಡದಂಥ ಬಣ್ಣ ಹೊಳೆಯುತ್ತಿತ್ತು. ಅವಳು ಮೆಟ್ಟಿಲು ಇಳಿದು ಬೆಂಚಿನ ಮೇಲೆ ಕಾಯುತ್ತಿದ್ದ ಶಾವಂತ್ರವ್ವನ ಬಳಿಗೆ ಓಡಿದಳು.

“ಚಿಗವ್ವಾ, ಐತಿ! ಒಡನಾಟ ಐತಿ!”

ಶಾವಂತ್ರವ್ವ ಸೆರಗಿನ ಗಂಟಿನಲ್ಲಿದ್ದ ಬೆಲ್ಲದ ಚೂರನ್ನು ಅವಳ ಬಾಯಿಗೆ ತುರುಕಿದಳು. ಬೆಂಚಿನ ಮೇಲಿದ್ದ ಗುರುತಿಲ್ಲದ ರೋಗಿಗಳಿಗೂ ಹಂಚಿದಳು. ಸುಗಲಾ ಬಾಯಿ ಸಿಹಿ ಮಾಡಿಕೊಂಡು ಮೇಲೆ ಬಂದಾಗ ಅಕ್ಕಾರು ನಕ್ಷೆಯ ಮುಂದೆ ನಿಂತಿದ್ದರು. ಬೆಲ್ಲದ ವಾಸನೆ ಹಿಡಿದು ಅವರಿಗೆ ಎಲ್ಲವೂ ತಿಳಿಯಿತು. ಬೈಯಲಿಲ್ಲ. “ಮೊದಲ ತೊಳಿ,” ಎಂದರು.

ಸುಗಲಾ ತೊಳೆದಳು. ಮಂಜು ಹೋಗಲಿಲ್ಲ. ಗುಡ್ಡದ ಗೆರೆಯನ್ನು ಕಳೆದರೂ ನಕ್ಷೆ ಇದ್ದ ಹಾಗೆಯೇ ಇತ್ತು. ಎಲ್ಲ ಓಣಿಗೂ ಎಲ್ಲ ಓಣಿಯ ನೆಂಟಸ್ತನ. ಎಲ್ಲಿ ತಪ್ಪಿದೆನೋ ಎಂದು ಮೊದಲಿನಿಂದ ಮಾಡಿದಳು, ತಲೆ ಅಲುಗಿದ ಗಳಿಗೆಗಳನ್ನು ಹುಡುಕಿ ತೆಗೆದಳು, ಮತ್ತೆ ತೊಳೆದಳು. ಅದೇ ಕೆಂಡ, ಎಲ್ಲೆಲ್ಲೂ.

“ಎಲ್ಲಾರೂ ಎಲ್ಲಾರ ಕೂಡ ಕೂಡ್ಯಾರಂದ್ರ ಯಾರೂ ಯಾರ ಕೂಡನೂ ಇಲ್ಲಂತನ ಲೆಕ್ಕ,” ಎಂದರು ಅಕ್ಕಾರು. ಅವರ ದನಿ ಮೆತ್ತಗಿತ್ತು. “ಪೆಟ್ಟು ಜೋರ ಬಿದ್ದೈತಿ. ತೋರಿಸಾಕ ಏನೂ ಉಳದಿಲ್ಲ. ಮಂಡಳಿ ಕೂಡೂದರೊಳಗ ನೀನ ಹೋಗಿ ಹೇಳು. ಬೆಲ್ಲಾ ತಿಂದಾಕಿ ನೀನು.”

ಮರುದಿನ ಸಂಜೆ ಸುಗಲಾ ಸೋದರಿಯರ ಮನೆಗೆ ಹೋದಳು. ರುದ್ರವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಎದುರಿಗೆ ಶಾವಂತ್ರವ್ವ ಅಂಬಲಿಯ ಬಟ್ಟಲು ಹಿಡಿದು ಕುಳಿತಿದ್ದಳು.

“ಬಾರವಾ, ಬಾ. ನೋಡಕ್ಕಾ, ನಿನ್ನ ತಲಿಯೊಳಗ ಹೊಕ್ಕು ಬಂದಾಕಿ ಬಂದಾಳ!” ಎಳೆತ. “ನನಗ ಬೈಯೂ ಬೈಗಳೆಲ್ಲಾ ಒಳಗ ಹಂಗ ಅದಾವಿಲ್ಲೋ, ಕಂಡಿಯೇನು?”

ಗುಡ್ಡ ಉಸಿರು ಬಿಡಲು ತೊಡಗಿದೊಡನೆ ಅವಳು ಚಮಚವನ್ನು ಅಕ್ಕನ ಬಾಯಿಗಿಟ್ಟಳು. ಊರಿನಲ್ಲಿ ಕೂಸುಗಳಿಗೂ ರೋಗಿಗಳಿಗೂ ಉಣಿಸುವ ರೀತಿಯೇ ಅದು. ಬಿಡುವ ಉಸಿರಿನಲ್ಲಿ ನುಂಗಿದರೆ ನೆತ್ತಿಗೇರುವುದಿಲ್ಲ. ರುದ್ರವ್ವನಿಗೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಅಂಬಲಿಯೆಲ್ಲ ಗಲ್ಲದ ಮೇಲೆ ಇಳಿಯಿತು.

“ಸಾವಕಾಶ ನನ್ನವ್ವ, ಯಾರೂ ಕಸಗೊಳ್ಳೂದಿಲ್ಲ,” ಎಂದು ತಂಗಿ ಒರೆಸಿದಳು. “ಪ್ರತಿ ಚಮಚಕ್ಕೂ ಹಿಂಗ ನೋಡವಾ. ಸಾಲದ್ದಕ್ಕ ಎಳೆತದಾಗ ನರಳತಾಳ. ನಾ ಬಾಯಿ ಮ್ಯಾಲ ಕೈ ಇಟ್ಟು ಸಮಾಧಾನ ಮಾಡತೀನಿ.”

ಹೇಳಬೇಕಾದ್ದನ್ನು ಸುಗಲಾ ಇನ್ನು ತಡೆಯಲಾರದೆ ಹೇಳಿದಳು. “ಚಿಗವ್ವಾ, ನಿನ್ನೆ ನಾ ಹೇಳಿದ್ದು ತಪ್ಪು. ತೊಳೀಲಾರದ ನಕ್ಷೆ ನೋಡಿ ಓಡಿ ಬಂದೆ. ತೊಳದ ಮ್ಯಾಲ ಏನೂ ಕಾಣವಲ್ದು.”

ಶಾವಂತ್ರವ್ವನ ಕೈಯಲ್ಲಿ ಮುಂದಿನ ಚಮಚ ಆಗಲೇ ಎದ್ದಿತ್ತು. ಅದು ಗಾಳಿಯಲ್ಲಿ ನಿಂತಿತು. ಊರಿನ ಉಸಿರು ಬಿಟ್ಟು ಮುಗಿಯಿತು, ಎಳೆತ ಬಂತು. ಅವಳ ಕಣ್ಣು ಸುಗಲಾಳ ಮೇಲೆ ನೆಟ್ಟಿರುವಂತೆಯೇ ಕೈ ಮಾತ್ರ ತನ್ನ ಪಾಡಿಗೆ ತಾನು ಮುಂದೆ ಹೋಗಿ ಚಮಚವನ್ನು ಅಕ್ಕನ ತುಟಿಗೆ ಮುಟ್ಟಿಸಿತು. ಯಾರೂ ಉಣಿಸದ ಹೊತ್ತು ಅದು. ರುದ್ರವ್ವ ಅಂಬಲಿಯನ್ನು ಒಂದು ಹನಿಯೂ ಚೆಲ್ಲದಂತೆ ನುಂಗಿದಳು.

ಕೆಮ್ಮು ಬರಲಿಲ್ಲ. ಶಾವಂತ್ರವ್ವ ಗಮನಿಸಲಿಲ್ಲ. ಸುಗಲಾ ಗಮನಿಸಿದಳು.

“ಇನ್ನೊಂದು ಚಮಚ ಹಿಡೀರಿ. ಈಗಲ್ಲ, ತಡೀರಿ. ನಾ ಕೈ ಮಾಡಿದಾಗ ಕೊಡ್ರಿ.”

ಎಳೆತದಲ್ಲಿ ಕೈ ಮಾಡಿದಳು. ಅಂಬಲಿ ಸಲೀಸಾಗಿ ಇಳಿಯಿತು. ಮತ್ತೊಮ್ಮೆ, ಮತ್ತೂ ಒಮ್ಮೆ. ಸುಗಲಾ ಒಂದು ಅಂಗೈಯನ್ನು ರುದ್ರವ್ವನ ಹೊಟ್ಟೆಯ ಮೇಲೂ ಇನ್ನೊಂದನ್ನು ತನ್ನ ಹೊಟ್ಟೆಯ ಮೇಲೂ ಇಟ್ಟಳು. ತನ್ನದು ಏರುವಾಗ ಅದು ಇಳಿಯುತ್ತಿತ್ತು. ಸ್ವಲ್ಪ ಹೊತ್ತು ಹಾಗೆಯೇ ಕುಳಿತಳು. ಗುಡ್ಡ ಒಂದು ನಿಟ್ಟುಸಿರು ಬಿಟ್ಟಿತು. ಅವಳೂ ಶಾವಂತ್ರವ್ವನೂ ಓಣಿಯವರೂ ಬಿಟ್ಟರು, ರುದ್ರವ್ವ ಬಿಡಲಿಲ್ಲ. ಆಮೇಲೆ, ಊರೆಲ್ಲ ನೆಮ್ಮದಿಯಾಗಿದ್ದಾಗ, ರುದ್ರವ್ವ ತನ್ನದೇ ಒಂದು ನಿಟ್ಟುಸಿರು ಬಿಟ್ಟಳು.

“ಅಂದ್ರ ಅಕ್ಕ ಗುಡ್ಡದ ಕೈ ಬಿಟ್ಟಾಳ?” ಶಾವಂತ್ರವ್ವನ ದನಿ ಇಳಿದಿತ್ತು. “ಊರಾಗ ಒಬ್ಬಾಕೀನ ಉಸಿರಾಡಾಕತ್ತಾಳ?” ಮುಂದಿನ ಎಳೆತದಲ್ಲಿ ರುದ್ರವ್ವ ಎಂದಿನಂತೆ ನರಳಿದಳು. ತಂಗಿಯ ಕೈ ರೂಢಿಯಂತೆ ಆ ಬಾಯಿಯ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು. ಅದು ನರಳಿಕೆಯಲ್ಲ, ಬಿಡುವ ಉಸಿರಿನ ಮೇಲೆ ಬಂದ ದನಿ. “ಯವ್ವಾ! ಇಷ್ಟ ದಿನ ನಾ ಅಕಿ ಬಾಯಿ ಮುಚ್ಚಕೋತ ಬಂದೆನಲ್ಲ!” ಎಂದು ಅವಳು ಬಟ್ಟಲು ಕೆಳಗಿಟ್ಟು ಅತ್ತಳು. ರುದ್ರವ್ವ ಸರಿಯಿದ್ದ ಎಡಗೈ ಎತ್ತಿ, ಬೆರಳ ಗೆಣ್ಣಿನಿಂದ ತಂಗಿಯ ತಲೆಯನ್ನು ಟಕ್ ಎಂದು ಬಡಿದು, ಕಿವಿಗೊಟ್ಟು ಕೇಳಿ, ಮುಖ ಸಿಂಡರಿಸಿದಳು. ಪೇಟೆಯಲ್ಲಿ ಕಳಪೆ ಪೆಂಟಿಯನ್ನು ಅವಳು ಆಚೆ ಸರಿಸುತ್ತಿದ್ದ ಮುಖ ಅದು. ಅಳುತ್ತಿದ್ದ ಶಾವಂತ್ರವ್ವನಿಗೆ ನಗು ಬಂತು.

ಆಸ್ಪತ್ರೆಯಲ್ಲಿ ಅಕ್ಕಾರು ಈ ಸುದ್ದಿಯನ್ನು ಒಪ್ಪಲಿಲ್ಲ. “ಊರಾಗ ಗುಡ್ಡ ಬಿಟ್ಟು ಉಸಿರಾಡೋರನ್ನ ನಾ ಕಂಡಿಲ್ಲ.”

“ಕಂಡಿಲ್ಲೋ, ನೋಡಿಲ್ಲೋ, ಅಕ್ಕಾರ?” ಎಂದಳು ಸುಗಲಾ. ಎಳೆತ ಬಂದು ಹೋಯಿತು. “ಆ ನಕ್ಷೆ ತೊಳದ್ರೂ ತೊಳೀಲಾರದ ಹಂಗ ಉಳೀತು. ಯಾಕಂದ್ರ ನಾವು ಅಕಿ ತಲಿಯೊಳಗಿಂದ ತಗದ ಗುಡ್ಡ ಅಕಿ ತಲಿಯೊಳಗ ಇರಲೇ ಇಲ್ಲ. ಇದ್ದದ್ದು ಅಕಿದ ಉಸಿರು. ಅದು ಇನ್ನೂ ಅಲ್ಲೇ ಐತಿ.”

ಅಕ್ಕಾರು ಬಡೇಸೋಪು ಅಗಿಯುವುದನ್ನು ನಿಲ್ಲಿಸಿದರು. “ಮಾತಿಗೆ ಮಾತು ಕೊಡಾಕ ಕಲತಿ,” ಎಂದರು. “ಹೋಗು, ಆ ಹೊಟ್ಟಿಪಟ್ಟಿ ಹುಡುಕು. ನಾನೂ ಬರತೀನಿ. ಯಾವ ಎಕ್ಸ್‌ರೇ ಕಟ್ಟಿಗೆ ಬಿಗದಾರೋ, ಅದನ್ನ ಬಿಗಿಯಂದಾಕಿ ನಾನ ಇದ್ದೆ.”

ಸಾಬೂನು ಹಚ್ಚಿ ಮತ್ತೆ ಮೂಗುತಿ ತೆಗೆದರು. ಈ ಸಲ ರುದ್ರವ್ವನ ಹೊಟ್ಟೆಗೆ ಪಟ್ಟಿ ಕಟ್ಟಿದರು. ಪರದೆಯ ಮೇಲೆ ಎರಡು ಗೆರೆಗಳು ಜೊತೆಜೊತೆಯಾಗಿ ಹೊರಟವು, ಗುಡ್ಡದ್ದೊಂದು, ರುದ್ರವ್ವನದೊಂದು. ಒಂದು ಏರಿದರೆ ಇನ್ನೊಂದು ಇಳಿಯುತ್ತಿತ್ತು. ಕೆಲವೊಮ್ಮೆ ರುದ್ರವ್ವನದು ತಾನೇ ತಾನಾಗಿ ಸುತ್ತಾಡಿ ಬರುತ್ತಿತ್ತು. ಅಕ್ಕಾರು ಅದನ್ನೇ ನೋಡುತ್ತ ನಿಂತಿದ್ದರು, ಮನೆ ಬಿಟ್ಟು ಬೇರೆ ಬಿಡಾರ ಹೂಡಿದ ಮಗಳನ್ನು ನೋಡುವ ತಾಯಿಯ ಹಾಗೆ, ಎಂದು ಸುಗಲಾ ನನಗೆ ಹೇಳಿದಳು.

ರುದ್ರವ್ವನ ಉಸಿರಿನಿಂದ ರುದ್ರವ್ವನ ನಕ್ಷೆಯನ್ನು ತೊಳೆದಾಗ ಮಂಜು ಹರಿಯಿತು. ಎಡಗಡೆ, ಪೆಟ್ಟು ಬಿದ್ದ ಕಡೆ, ನುಡಿಯುವ ಓಣಿ ಕತ್ತಲಾಗಿತ್ತು. ಅಲ್ಲಿಗೆ ಯಾರ ಓಡಾಟವೂ ಇರಲಿಲ್ಲ. ಆದರೆ ಕೇಳುವ ಓಣಿಗೂ, ಬಲಗಡೆಯಲ್ಲಿ ಹಳೆಯ ನುಡಿಯುವ ಓಣಿಗೆ ಸರಿಯಾಗಿ ಎದುರಿಗಿದ್ದ ಒಂದು ಓಣಿಗೂ ನಡುವೆ, ತೆಳ್ಳಗೆ, ಒಂದು ಬಣ್ಣ ಉಳಿದಿತ್ತು.

ಸುಗಲಾ ಈ ಸಲ ಮೆಟ್ಟಿಲು ಇಳಿಯಲಿಲ್ಲ. ಗೆರೆಗಳನ್ನು ಅರ್ಧಕ್ಕೆ ಕತ್ತರಿಸಿ ಮೊದಲರ್ಧದಲ್ಲಿ ನೋಡಿದಳು, ಇತ್ತು. ಉಳಿದರ್ಧದಲ್ಲಿ ನೋಡಿದಳು, ಇತ್ತು. ಬೇಕೆಂತಲೇ ಗೆರೆಗಳನ್ನು ಅದಲುಬದಲು ಮಾಡಿ, ಬರಿಯ ಆಕಸ್ಮಿಕದಿಂದ ಇಷ್ಟು ಹೋಲಿಕೆ ಎಷ್ಟು ಸಲ ಹುಟ್ಟುತ್ತದೆಂದು ನೋಡಿದಳು, ಅಪರೂಪಕ್ಕೂ ಹುಟ್ಟಲಿಲ್ಲ.

“ಬೆಲ್ಲದ ಪೆಂಟಿಗಿಂತ ಚಲೋ ಐತೇನು?” ಎಂದು ಅಕ್ಕಾರು ಕೇಳಿದರು.

“ಚಲೋ ಐತ್ರಿ.”

“ಹಂಗಾರ ಅಷ್ಟ ಹೇಳು. ಮಾತ ಬರತೈತಿ ಅಂತ ಹೇಳಬ್ಯಾಡ. ಎರಡು ಓಣಿ ಕೂಡಿ ಏರತಾವ, ಕೂಡಿ ಇಳೀತಾವ, ಅಷ್ಟ.”

ಸುಗಲಾ ಶಾವಂತ್ರವ್ವನಿಗೆ ಅಷ್ಟನ್ನೇ ಹೇಳಿದಳು. ಮಂಡಳಿಯವರ ಮುಂದೆಯೂ ಅಷ್ಟನ್ನೇ ಹೇಳಿದಳು. ಅವರು ಎಳೆತಗಳ ನಡುವೆ ತಲೆ ಕೆರೆದುಕೊಂಡು, ಗಾಣದ ಹಂಗಾಮು ಮುಗಿಯುವ ತನಕ ಪಾಠ ನಡೆಯಲಿ, ಅಷ್ಟರಲ್ಲಿ ಒಂದಾದರೂ ಮಾತು ಬಾರದಿದ್ದರೆ ಹೊಳೆಯಾಚೆ ಎಂದು ತೀರ್ಮಾನಿಸಿದರು.

ಪ್ರಲ್ಹಾದ ಮಾಸ್ತರರಿಗೆ ಹೊಸ ಕಷ್ಟ ಬಂತು. ರುದ್ರವ್ವನ ಬಾಯಿ ತೆರೆಯುವ ಹೊತ್ತಿಗೆ ಅವರ ಬಾಯಿ ಮುಚ್ಚಿರುತ್ತಿತ್ತು. ಅವರು ತಮ್ಮ ಉಸಿರಿನಲ್ಲಿ ಮಾತನ್ನು ಹೇಳಿ, ಎಳೆತ ಬಂದೊಡನೆ ಮೇಜನ್ನು ಕುಟ್ಟಿ, ಹುಬ್ಬೇರಿಸಿ ಕಾಯುತ್ತಿದ್ದರು. ದನಿ ಬರುತ್ತಿತ್ತು, ದಿನದಿನಕ್ಕೆ ಗಟ್ಟಿಯೂ ಆಯಿತು. ಆದರೆ ಮಾತಾಗಿ ಒಡೆಯಲಿಲ್ಲ. ಮನೆಯಲ್ಲಿ ಶಾವಂತ್ರವ್ವ ಅಕ್ಕನ ಉಸಿರು ಹಿಡಿಯಲು ಕಲಿತಿದ್ದಳು. ಅಂಬಲಿ ಹೋಗಿ ರೊಟ್ಟಿ ಬಂದಿತ್ತು, ರುದ್ರವ್ವನ ಗಲ್ಲ ತುಂಬಿಕೊಂಡಿತ್ತು. ಗಾಣಗಳು ಒಂದೊಂದಾಗಿ ನಿಲ್ಲತೊಡಗಿದವು. ಸುಗಲಾ ಸಂಜೆ ಹೊತ್ತು ಆ ತೆಳ್ಳನೆಯ ಬಣ್ಣವನ್ನು ತೆರೆದು ನೋಡಿ, ಮತ್ತೆ ಮುಚ್ಚಿಡುತ್ತಿದ್ದಳು.

ಹಂಗಾಮಿನ ಕೊನೆಯ ಸವಾಲಿನ ದಿನ ಶಾವಂತ್ರವ್ವ ಹಟ ಹಿಡಿದಳು. “ಹೊಳಿ ದಾಟೂದರೊಳಗ ಅಕಿ ಪ್ಯಾಟಿ ಒಮ್ಮೆ ನೋಡ್ಲಿ. ನೀನೂ ಬಾ.” ಗಾಲಿಕುರ್ಚಿಯನ್ನು ಸುಗಲಾ ತಳ್ಳಿದಳು. ಪೇಟೆಯ ಜನ ಎದ್ದು ನಿಂತು ದಾರಿ ಬಿಟ್ಟರು. ಹಮಾಲರು ಕುರ್ಚಿಯನ್ನು ಎತ್ತಿ ಸವಾಲಿನ ಕಟ್ಟೆಯ ಪಕ್ಕದಲ್ಲೇ ಇಟ್ಟರು.

ಕಟ್ಟೆಯ ಮೇಲೆ ಬಾಳಪ್ಪ ಕೂಗುತ್ತಿದ್ದ. ರುದ್ರವ್ವನ ಕೈಕೆಳಗೆ ಕಲಿತವನು, ಒಳ್ಳೆಯವನು, ಉಸಿರು ಮಾತ್ರ ಗಿಡ್ಡ. ಆ ಚಳಿಗಾಲವಿಡೀ ಅವನ ‘ಮೂರ್ಸಲ’ ಗುಡ್ಡದ ಕೈಗೆ ಸಿಕ್ಕಿ ಮುರಿಯುತ್ತಲೇ ಇತ್ತು. ಕೊಟ್ರೇಶಪ್ಪ ಇದರಲ್ಲೇ ಆಟ ಕಟ್ಟಿದ್ದ. ಕಳಪೆ ರಾಶಿಗೂ ಎಲ್ಲರಿಗಿಂತ ಹೆಚ್ಚಿನ ದರ ಕೂಗಿ ಉಳಿದವರ ಬಾಯಿ ಮುಚ್ಚಿಸುವುದು, ಬಾಳಪ್ಪನ ಉಸಿರು ಮುರಿದು ದರ ಬಿದ್ದ ಮೇಲೆ, ಎಲ್ಲರೂ ಬೇಸತ್ತಾಗ, ತೀರ ಕೆಳಗಿನ ದರಕ್ಕೆ ಎತ್ತಿಕೊಳ್ಳುವುದು.

ಅಂದಿನ ಕೊನೆಯ ರಾಶಿ ಇರುವೆ ಹತ್ತಿದ್ದ, ಕಪ್ಪು ತಿರುಗಿದ ಬೆಲ್ಲ. ಕೊಟ್ರೇಶಪ್ಪ ಮೀಸೆಯಡಿ ನಗುತ್ತ ಹಂಗಾಮಿನಲ್ಲೇ ದೊಡ್ಡ ದರವನ್ನು ಕೂಗಿದ. ಅದರ ಮೇಲೆ ಯಾರೂ ದರ ಏರಿಸಲಿಲ್ಲ. ರುದ್ರವ್ವ ಮುಂದೆ ಬಾಗಿ, ಎಡಗೈಯ ಗೆಣ್ಣಿನಿಂದ ಒಂದು ಪೆಂಟಿಯನ್ನು ಬಡಿದು ನೋಡಿ, ಮುಖ ಸಿಂಡರಿಸಿದಳು.

“ಕೊಟ್ರೇಶಪ್ಪ ಸಾವಕಾರ್ರ ದರ! ಒಂದ್ಸಲ!” ಎಂದ ಬಾಳಪ್ಪ. “ಎರಡ್ಸಲ!” ಅವನ ಕುತ್ತಿಗೆಯ ನರ ಬಿಗಿಯಿತು. ಅಷ್ಟರಲ್ಲಿ ಗುಡ್ಡ ಉಸಿರೆಳೆದುಕೊಂಡಿತು.

ಎಳೆತ. ತಕ್ಕಡಿಯ ಸರಪಳಿ ಸಹ ಕಿರುಗುಟ್ಟಲಿಲ್ಲ. ಸುಗಲಾ ಕುರ್ಚಿಯ ಹಿಂದೆ ನಿಂತು ರುದ್ರವ್ವನ ಭುಜಗಳು ಇಳಿಯುವುದನ್ನು ಕಂಡಳು. ಪಕ್ಕದಲ್ಲಿ ಶಾವಂತ್ರವ್ವನ ಬಲಗೈ ರೂಢಿಯಂತೆ ಮೇಲೆದ್ದದ್ದನ್ನೂ, ಎಡಗೈ ಅದನ್ನು ಹಿಡಿದು ಮಡಿಲಿಗೆ ಒತ್ತಿಕೊಂಡದ್ದನ್ನೂ ಕಂಡಳು.

“ಮೂರ್ಸಲ!”

ಹುಟ್ಟಿದಾರಭ್ಯ ಆ ಹೊತ್ತಿನಲ್ಲಿ ಮನುಷ್ಯರ ಮಾತನ್ನು ಕೇಳಿರದ ಪೇಟೆ ಅದನ್ನು ಕೇಳಿತು. ಒರಟಾಗಿತ್ತು, ಒಂದು ಪಕ್ಕಕ್ಕೆ ಜಾರಿತ್ತು. ಆದರೆ ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ಕೇಳಿಸಿತು, ಅಡ್ಡ ಬರಲು ಬೇರೆ ಒಂದು ದನಿಯೂ ಇರಲಿಲ್ಲವಲ್ಲ. ಕೊಟ್ರೇಶಪ್ಪ ಎದ್ದು ನಿಂತ, ಬಾಯಿ ತೆರೆದ. ಮಾತು ಬರುವ ಹೊತ್ತಲ್ಲ ಅದು. ಎದೆ ತುಂಬ ಉಸಿರೆಳೆದುಕೊಳ್ಳುತ್ತ, ಬೆರಳು ಮೇಲೆತ್ತಿಕೊಂಡು, ಗುಡ್ಡ ಬಿಡುವ ತನಕ ಹಾಗೆಯೇ ನಿಂತಿರಬೇಕಾಯಿತು. ಗುಡ್ಡ ಬಿಟ್ಟಾಗ ಅವನ ಮಾತು ಇಡೀ ಪೇಟೆಯ ಕೇಕೆಯಲ್ಲಿ ಮುಳುಗಿಹೋಯಿತು. ಎರಡನೆಯ ಉಸಿರಿಗೆ ಅವನ ದನಿ ಕೇಳಿಸಿತು.

“ಎಳೆತದಾಗ ಕೂಗಿದ್ದು ಲೆಕ್ಕಕ್ಕ ಬರೂದಿಲ್ಲ! ಉಸಿರು ಮುರದೈತಿ!”

“ಕೂಗೋರ ಉಸಿರು ಮುರದ್ರ ಕೂಗು ಮುರೀತು ಅಂತೈತಿ ಕಟ್ಟಳಿ,” ಎಂದ ಬಾಳಪ್ಪ, ಮೊಟ್ಟಮೊದಲ ಬಾರಿಗೆ ಒಂದೇ ಉಸಿರಿನಲ್ಲಿ. “ಮೂರ್ಸಲ ಕೂಗಿದಾಕಿ ಅಕಿ, ಅಕಿ ಉಸಿರು ಎಲ್ಲಿ ಮುರದೈತ್ರಿ, ಸಾವಕಾರ್ರ? ಇರುವಿ ಸಹಿತ ಎತಗೊಂಡ ಹೋಗ್ರಿ!”

ಶಾವಂತ್ರವ್ವ ಅಕ್ಕನ ಮೊಣಕಾಲ ಮೇಲೆ ತಲೆಯಿಟ್ಟಿದ್ದಳು. ಆ ತಲೆಯನ್ನು ರುದ್ರವ್ವ ಗೆಣ್ಣಿನಿಂದ ಬಡಿದು ಕೇಳಿದಳು, ಈ ಸಲ ಮುಖ ಸಿಂಡರಿಸಲಿಲ್ಲ. ಹಮಾಲನ ಕಥೆಯಲ್ಲಿ ಅವಳು ಆಮೇಲೆ ಅಂದಿನ ರಾಶಿಗಳನ್ನೆಲ್ಲ ಕೂಗಿ ಮುಗಿಸಿದಳಂತೆ; ಸುಗಲಾ ಅದನ್ನು ಒಪ್ಪುವುದಿಲ್ಲ. ಅಂದು ಬಂದದ್ದು ಅದೊಂದೇ ಮಾತು, ಉಳಿದವು ನಿಧಾನವಾಗಿ, ಎಳೆತಕ್ಕೊಂದರಂತೆ ಬಂದವು, ಎಷ್ಟೋ ಮಾತುಗಳು ಬರಲೇ ಇಲ್ಲ ಎಂದಳು. ಹೊಳೆ ಮಾತ್ರ ದಾಟಲಿಲ್ಲ. ಆ ಮಾತು ಆ ತೆಳ್ಳನೆಯ ಬಣ್ಣದ ದಾರಿಯಲ್ಲೇ ಬಂದಿತೆ ಎಂದು ಕೇಳಿದ್ದಕ್ಕೆ, ಅದು ತನಗೆ ಖಚಿತವಿಲ್ಲ ಎಂದಳು. ಅವಳ ಕೋಣೆಯ ಬಾಗಿಲಿನ ಮೊಳೆಗೆ ಹೊಟ್ಟೆಪಟ್ಟಿ ನೇತುಬಿದ್ದಿತ್ತು. ಯಾರೇ ಬಂದರೂ ಮೊದಲು ಅದನ್ನು ಕಟ್ಟುತ್ತಾಳೆ, ನಗುವವರು ನಗಲಿ ಎಂದು ಬಿಡುತ್ತಾಳೆ. ನನಗೂ ಕಟ್ಟಿ ನೋಡಿದಳು.

ರುದ್ರವ್ವ ಈಗಿಲ್ಲ. ನಾನು ಹೋದದ್ದು ಗಾಣದ ಹಂಗಾಮಿನಲ್ಲಾದ್ದರಿಂದ ಸವಾಲನ್ನು ಕಣ್ಣಾರೆ ಕಂಡೆ. ಈಗ ಅಲ್ಲಿ ಕೂಗುವವರು ‘ಒಂದ್ಸಲ, ಎರಡ್ಸಲ’ ಎಂದು ಉಸಿರಿರುವಾಗಲೇ ನಿಲ್ಲಿಸಿಬಿಡುತ್ತಾರೆ. ಗುಡ್ಡ ಎಳೆದುಕೊಳ್ಳುತ್ತದೆ. ಯಾರೂ ಏನೂ ಕೂಗುವುದಿಲ್ಲ, ಕೂಗಲು ಯಾರಿಗೂ ಬರುವುದಿಲ್ಲ. ಆ ಖಾಲಿ ಎಳೆತವೇ ಮೂರನೆಯ ಕೂಗು. ಅದು ಕಳೆದರೆ ಬೆಲ್ಲ ಮಾರಿಹೋಯಿತು. ಅದಕ್ಕೆ ಪೇಟೆಯವರು ‘ರುದ್ರವ್ವನ ಸಲ’ ಎನ್ನುತ್ತಾರೆ. ನಾನು ಉಸಿರೆಳೆದುಕೊಂಡು ಎಲ್ಲರ ಜೊತೆ ನಿಂತಿದ್ದಾಗ ಕೇಳಿಸಿದ್ದು ಒಂದೇ ಸದ್ದು. ಮುಂದಿನ ರಾಶಿಯ ಬಳಿ ಕುಳಿತಿದ್ದ ಮುದುಕಿಯೊಬ್ಬಳು ಬೆರಳ ಗೆಣ್ಣಿನಿಂದ ಪೆಂಟಿಯನ್ನು ಟಕ್ ಎಂದು ಬಡಿದು, ಕಿವಿಗೊಟ್ಟಳು.